ಹಳಿ ಬದಲಿಸುವ ಮೊದಲು

ಜಾಲತಾಣ ಕಟ್ಟುವವರೆಲ್ಲ ಪ್ರತಿ ಸಲವೂ ಮಾಡಲೇಬೇಕಾದ ಕೆಲವು ಕೆಲಸಗಳಿವೆ: ಬಳಕೆದಾರರ ಹೆಸರು ಮತ್ತು ಗುಪ್ತಪದವನ್ನು ಪರೀಕ್ಷಿಸಿ ಒಳಗೆ ಬಿಟ್ಟುಕೊಳ್ಳುವುದು, ಅರ್ಜಿಯಲ್ಲಿ ತುಂಬಿದ ವಿವರ ಸರಿಯಿದೆಯೇ ಎಂದು ನೋಡುವುದು, ಅದನ್ನು ದತ್ತಸಂಚಯದಲ್ಲಿ, ಅಂದರೆ ಡೇಟಾಬೇಸ್‌ನಲ್ಲಿ, ಜೋಪಾನವಾಗಿಡುವುದು, ಕೇಳಿದಾಗ ಹೊರತೆಗೆದು ಪುಟವಾಗಿ ಜೋಡಿಸಿ ಕೊಡುವುದು. ಈ ಸಾಮಾನ್ಯ ಕೆಲಸಗಳನ್ನು ಒಮ್ಮೆ ಚೆನ್ನಾಗಿ ಬರೆದಿಟ್ಟು, ಅದರ ಮೇಲೆ ಯಾರು ಬೇಕಾದರೂ ತಮ್ಮ ತಾಣವನ್ನು ಕಟ್ಟಿಕೊಳ್ಳುವಂತೆ ಸಿದ್ಧಪಡಿಸಿದ ತಂತ್ರಾಂಶವನ್ನು ವೆಬ್ ಫ್ರೇಮ್‌ವರ್ಕ್ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಚೌಕಟ್ಟು ಎನ್ನಬಹುದು. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಮತ್ತೊಬ್ಬರಿಗೆ ಹಂಚಬಹುದಾದ ಪರವಾನಗಿ ಇದ್ದರೆ ಅದು ಓಪನ್ ಸೋರ್ಸ್ ಚೌಕಟ್ಟು. ಇಂಥ ಚೌಕಟ್ಟಿನ ಮುಂದಿನ ದೊಡ್ಡ ಆವೃತ್ತಿಯನ್ನು ಯೋಜಿಸುವುದು ಹೊರನೋಟಕ್ಕೆ ತಂತ್ರಜ್ಞರಿಗಷ್ಟೇ ಸಂಬಂಧಿಸಿದ ವಿಷಯದಂತೆ ಕಂಡರೂ, ಆ ನಿರ್ಧಾರದ ಪರಿಣಾಮ ಹುಬ್ಬಳ್ಳಿ-ಧಾರವಾಡದ ತರಗತಿಯವರೆಗೂ, ಕನ್ನಡದ ಒಂದೊಂದು ಕಾಗುಣಿತದ ಗುರುತಿನವರೆಗೂ ಬಂದು ಮುಟ್ಟುತ್ತದೆ.

ತರಗತಿಯ ಉದಾಹರಣೆಯನ್ನೇ ಮೊದಲು ನೋಡಬಹುದು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2021ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳಿಗೆ ಫುಲ್ ಸ್ಟ್ಯಾಕ್ ಡೆವಲಪ್‌ಮೆಂಟ್ ಎಂಬ ವಿಷಯವಿದ್ದು, ಅದನ್ನು ಪೈಥಾನ್ ಭಾಷೆಯಲ್ಲಿ ಬರೆದ ಜ್ಯಾಂಗೊ ಎಂಬ ಚೌಕಟ್ಟಿನ ಮೂಲಕ ಕಲಿಸಲಾಗುತ್ತದೆ. ಅದಕ್ಕೆ ಸೂಚಿಸಿರುವ ಪಠ್ಯಗಳಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಜೇಕಬ್ ಕಪ್ಲನ್-ಮಾಸ್ ಬರೆದ ಗ್ರಂಥದ ಎರಡನೆಯ ಆವೃತ್ತಿಯೂ ಒಂದು. ಜ್ಯಾಂಗೊ ಕಟ್ಟಿದವರೇ ಬರೆದ ಪುಸ್ತಕವಾದ್ದರಿಂದ ಅದರ ವಿವರಣೆ ಇಂದಿಗೂ ಬೆಲೆಯುಳ್ಳದ್ದೇ. ಆದರೆ ಅದು 2009ರಲ್ಲಿ, 1.1 ಆವೃತ್ತಿಯನ್ನು ಮುಂದಿಟ್ಟುಕೊಂಡು ಬರೆದದ್ದು. ಯಾವ ವಿಳಾಸಕ್ಕೆ ಯಾವ ಪುಟ ತೆರೆಯಬೇಕು ಎಂದು ಪಟ್ಟಿಮಾಡಲು ಆ ಪುಸ್ತಕ ಕಲಿಸುವ ‘ಪ್ಯಾಟರ್ನ್ಸ್’ ಎಂಬ ಸೌಲಭ್ಯ 2015ರ 1.8 ಆವೃತ್ತಿಯಲ್ಲಿ ನಿವೃತ್ತಿಯ ಸೂಚನೆ ಪಡೆದು, 2016ರ 1.10ರಲ್ಲಿ ಚೌಕಟ್ಟಿನಿಂದ ಹೊರಬಿದ್ದಿತು. ಹೀಗಾಗಿ ಹೊಸ ಜ್ಯಾಂಗೊ ಇಳಿಸಿಕೊಂಡ ವಿದ್ಯಾರ್ಥಿ ಪುಸ್ತಕದ ಆರಂಭದ ಉದಾಹರಣೆಯನ್ನು ಅಕ್ಷರ ತಪ್ಪದೆ ನಕಲು ಮಾಡಿದರೂ ಪರದೆಯ ಮೇಲೆ ಕಾಣುವುದು ದೋಷದ ಸಂದೇಶ. ವಿದ್ಯಾರ್ಥಿಯದು ತಪ್ಪಲ್ಲ, ಪುಸ್ತಕ ಸುಳ್ಳು ಹೇಳಿಲ್ಲ, ಚೌಕಟ್ಟು ಕೆಟ್ಟಿಲ್ಲ. ಬರೆದ ಕಾಲಕ್ಕೂ ಓದುವ ಕಾಲಕ್ಕೂ ನಡುವೆ ಹಲವು ಆವೃತ್ತಿಗಳು ಬಂದುಹೋಗಿವೆ. ಹೊಸ ಆವೃತ್ತಿಯಲ್ಲಿ ಏನು ಸೇರಿಸಬೇಕು ಎಂಬುದು ಸುಲಭವಾದ ಪ್ರಶ್ನೆ; ಹಿಂದಿನದನ್ನು ನಂಬಿ ಕಟ್ಟಿದವರಿಗೆ ಏನನ್ನು ಮುರಿದು ಕೊಡಬಹುದು, ಎಷ್ಟು ಮುಂಚೆ ತಿಳಿಸಿ ಮುರಿಯಬೇಕು ಎಂಬುದೇ ಯೋಜನೆಯ ತಿರುಳಾದ ಪ್ರಶ್ನೆ.

ಅಂಕಿಗಳೊಳಗಿನ ಮಾತು

ತಂತ್ರಾಂಶದ ಆವೃತ್ತಿಯನ್ನು ಸಾಮಾನ್ಯವಾಗಿ ಚುಕ್ಕೆಗಳಿಂದ ಬೇರ್ಪಟ್ಟ ಮೂರು ಅಂಕಿಗಳಲ್ಲಿ ಬರೆಯುತ್ತಾರೆ. ಕೊನೆಯ ಅಂಕಿ ಬದಲಾದರೆ ದೋಷ ತಿದ್ದಿದ್ದಾರೆ ಎಂದೂ, ನಡುವಿನದು ಬದಲಾದರೆ ಹೊಸ ಸೌಲಭ್ಯ ಬಂದಿದೆ, ಹಳೆಯದು ಹಾಗೇ ಉಳಿದಿದೆ ಎಂದೂ, ಮೊದಲಿನದು ಬದಲಾದರೆ ಹಿಂದಿನದಕ್ಕೆ ಹೊಂದದ ಬದಲಾವಣೆಗಳಾಗಿವೆ, ಎಚ್ಚರದಿಂದಿರಿ ಎಂದೂ ತಿಳಿಯಬೇಕು. ಟಾಮ್ ಪ್ರೆಸ್ಟನ್-ವರ್ನರ್ ಈ ರೂಢಿಯನ್ನು ‘ಸೆಮ್ಯಾಂಟಿಕ್ ವರ್ಷನಿಂಗ್’ ಎಂಬ ಹೆಸರಿನಲ್ಲಿ ನಿಯಮಬದ್ಧಗೊಳಿಸಿದರು. ಎಲ್ಲ ಚೌಕಟ್ಟುಗಳೂ ಇದನ್ನು ಚಾಚೂ ತಪ್ಪದೆ ಪಾಲಿಸುವುದಿಲ್ಲವಾದರೂ ಮೊದಲ ಅಂಕಿಯನ್ನು ಏರಿಸುವುದೆಂದರೆ ಬಳಕೆದಾರರಿಗೆ ಕೊಟ್ಟ ಮಾತಿನ ಒಂದು ಭಾಗವನ್ನು ಮತ್ತೆ ಬರೆಯುವುದು ಎಂಬ ತಿಳಿವಳಿಕೆ ಎಲ್ಲ ಕಡೆ ಇದೆ.

ಜ್ಯಾಂಗೊದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಸಣ್ಣ ಊರಿನ ದಿನಪತ್ರಿಕೆಯ ಕಚೇರಿಯಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಅದನ್ನು ಕಟ್ಟತೊಡಗಿದರು. ಸುದ್ದಿಮನೆಯ ಗಡುವಿನೊಳಗೆ ತಾಣಗಳನ್ನು ಸಿದ್ಧಪಡಿಸಬೇಕಾದ ಒತ್ತಡದಿಂದ ಹುಟ್ಟಿದ ಆ ಚೌಕಟ್ಟು 2005ರ ಜುಲೈನಲ್ಲಿ ಸಾರ್ವಜನಿಕವಾಯಿತು. ಅಲ್ಲಿಂದ 1.0 ಎಂದು ಕರೆಸಿಕೊಳ್ಳಲು ಅದು ತೆಗೆದುಕೊಂಡದ್ದು ಮೂರು ವರ್ಷಕ್ಕೂ ಹೆಚ್ಚು ಕಾಲ. ಪ್ರಪಂಚದ ಎಲ್ಲ ಲಿಪಿಗಳನ್ನು ಸರಿಯಾಗಿ ನಿಭಾಯಿಸುವಂತೆ ಒಳಭಾಗವನ್ನು 2007ರಲ್ಲಿ ತಿದ್ದಿ, ಮೊದಲಿನಿಂದಲೂ ಇದ್ದ ಆಡಳಿತ ಪುಟಗಳ ವಿಭಾಗವನ್ನು ಹೊಸದಾಗಿ ಬರೆದು 2008ರ ಜುಲೈನಲ್ಲಿ ಸೇರಿಸಿ, ಆ ವರ್ಷದ ಸೆಪ್ಟೆಂಬರ್‌ನಲ್ಲಿ 1.0 ಬಿಡುಗಡೆ ಮಾಡಿದಾಗ, ದಾಖಲಿಸಿದ ಸೌಲಭ್ಯಗಳನ್ನು ಹೇಳದೆ ಕೇಳದೆ ಬದಲಿಸುವುದಿಲ್ಲ ಎಂಬ ಭರವಸೆಯನ್ನೂ ಜೊತೆಗೇ ಕೊಟ್ಟರು. ಮುರಿಯಬೇಕಾದ್ದನ್ನೆಲ್ಲ ಮಾತು ಕೊಡುವ ಮೊದಲೇ ಮುರಿದುಕೊಂಡದ್ದು ಆ ಯೋಜನೆಯ ವಿವೇಕವಾಗಿತ್ತು.

ಮೀಟರ್ ಗೇಜ್‌ನಿಂದ ಬ್ರಾಡ್ ಗೇಜ್‌ಗೆ

ಹೊಂದಾಣಿಕೆ ಮುರಿಯುವ ದೊಡ್ಡ ಆವೃತ್ತಿ ಎಂದರೇನು ಎಂಬುದನ್ನು ಹುಬ್ಬಳ್ಳಿಯವರಿಗೆ ವಿವರಿಸಲು ರೈಲು ಹಳಿಗಿಂತ ಹತ್ತಿರದ ಹೋಲಿಕೆ ಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ಭಾಗದಲ್ಲಿ ಹಾಕಿದ್ದು ಮೀಟರ್ ಗೇಜ್ ಹಳಿ, ಅಂದರೆ ಎರಡು ಕಂಬಿಗಳ ನಡುವೆ 1,000 ಮಿಲಿಮೀಟರ್ ಅಂತರವಿರುವ ದಾರಿ. ನೂರು ವರ್ಷಕ್ಕೂ ಹೆಚ್ಚು ಕಾಲ ಅದೇ ಹಳಿಯ ಅಳತೆಗೆ ಇಂಜಿನ್, ಡಬ್ಬಿ, ನಿಲ್ದಾಣ, ಕಾರ್ಯಾಗಾರಗಳೆಲ್ಲ ರೂಪುಗೊಂಡಿದ್ದವು. ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೋಜನೆಯಡಿ 1990ರ ದಶಕದಲ್ಲಿ ಇಲ್ಲಿನ ಮುಖ್ಯ ಮಾರ್ಗಗಳು 1,676 ಮಿಲಿಮೀಟರ್‌ನ ಬ್ರಾಡ್ ಗೇಜ್‌ಗೆ ಬದಲಾದಾಗ, ಹೊಸ ಹಳಿಯ ಮೇಲೆ ಹಳೆಯ ಗಾಡಿ ಒಂದು ಗಾಲಿಯಷ್ಟು ದೂರವೂ ಓಡುವಂತಿರಲಿಲ್ಲ. ಬದಲಾವಣೆ ಬೇಕಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ, ಏಕೆಂದರೆ ಎರಡು ಅಳತೆಗಳು ಸಂಧಿಸುವ ಊರಿನಲ್ಲೆಲ್ಲ ಜನ ಗಾಡಿ ಬದಲಿಸಬೇಕಿತ್ತು, ಸರಕನ್ನು ಇಳಿಸಿ ಮತ್ತೆ ಏರಿಸಬೇಕಿತ್ತು. ಆದರೂ ಕೆಲಸದ ಫಲ ನಿಂತಿದ್ದದ್ದು ಯಾವ ಮಾರ್ಗ ಯಾವಾಗ, ಅಲ್ಲಿಯವರೆಗೆ ಜನ ಹೇಗೆ ಓಡಾಡಬೇಕು ಎಂಬ ಲೆಕ್ಕಾಚಾರದ ಮೇಲೆ.

ಜ್ಯಾಂಗೊ ನಿಂತಿರುವ ನೆಲವಾದ ಪೈಥಾನ್ ಭಾಷೆಯಲ್ಲಿ ಇಂಥದೇ ಗೇಜ್ ಬದಲಾವಣೆ ನಡೆಯಿತು. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3, ಹಿಂದಿನ ಪೈಥಾನ್ 2ಕ್ಕಾಗಿ ಬರೆದ ಎಷ್ಟೋ ಸಂಕೇತವನ್ನು ಇದ್ದ ಹಾಗೆ ಓಡಿಸುತ್ತಿರಲಿಲ್ಲ. ಹಳೆಯದರ ಬೆಂಬಲ 2015ಕ್ಕೆ ನಿಲ್ಲಬೇಕೆಂದಿದ್ದದ್ದು, ಜನ ಇನ್ನೂ ದಾಟಿಲ್ಲ ಎಂಬುದು ಸ್ಪಷ್ಟವಾದ ಮೇಲೆ 2020ಕ್ಕೆ ಮುಂದೆ ಹೋಯಿತು. ಈ ನಡುವಿನ ದಶಕದಲ್ಲಿ ಚೌಕಟ್ಟುಗಳು, ಒಂದೇ ದಾರಿಯಲ್ಲಿ ಮೂರು ಕಂಬಿ ಹಾಕಿ ಎರಡೂ ಬಗೆಯ ಗಾಡಿಗಳನ್ನು ಬಿಡುವ ರೈಲ್ವೆಯವರ ಉಪಾಯವನ್ನೇ ಹೋಲುವ ಕೆಲಸ ಮಾಡಿದವು. ಎರಡು ಮೂರಲಿ ಆರು ಎಂಬ ಮಗ್ಗಿಯ ಲೆಕ್ಕದಿಂದ ‘ಸಿಕ್ಸ್’ ಎಂದು ಹೆಸರು ಪಡೆದ ಒಂದು ಸಣ್ಣ ಸಹಾಯಕ ಕಡತ, ಒಂದೇ ಸಂಕೇತ ಎರಡೂ ಪೈಥಾನ್‌ಗಳಲ್ಲಿ ಓಡುವಂತೆ ಮಾಡಿತು. ಜ್ಯಾಂಗೊ 2013ರ ಫೆಬ್ರವರಿಯ 1.5ರಲ್ಲಿ ಪ್ರಾಯೋಗಿಕವಾಗಿ ಪೈಥಾನ್ 3ಕ್ಕೆ ಬಾಗಿಲು ತೆರೆದು, 2017ರ ಏಪ್ರಿಲ್‌ನ 1.11ರವರೆಗೆ ಎರಡನ್ನೂ ಹೊತ್ತು ನಡೆದು, ಆ ವರ್ಷದ ಡಿಸೆಂಬರ್‌ನ 2.0ರಲ್ಲಿ ಪೈಥಾನ್ 2ರ ಕೈಬಿಟ್ಟಿತು. ಕೈಬಿಡುವಾಗಲೂ 1.11ಕ್ಕೆ ದೀರ್ಘಾವಧಿ ಬೆಂಬಲ ಕೊಟ್ಟು, ಅಂದರೆ ಸುರಕ್ಷತಾ ತಿದ್ದುಪಡಿಗಳನ್ನು 2020ರವರೆಗೂ ಪೂರೈಸುತ್ತಾ, ಹಳೆಯ ಗಾಡಿಯವರು ತಮ್ಮ ಅನುಕೂಲಕ್ಕೆ ತಕ್ಕಂತೆ ಇಳಿದು ಹತ್ತಲು ಅವಕಾಶ ಮಾಡಿಕೊಟ್ಟಿತು.

ಹೀಗೆ ಮಾಡದೆ ಹೋದವರ ಪಾಡೂ ದಾಖಲಾಗಿದೆ. ಬ್ರೌಸರ್‌ನೊಳಗೆ ಓಡುವ ಪುಟಗಳಿಗಾಗಿ ಗೂಗಲ್ ರೂಪಿಸಿದ್ದ ಆಂಗ್ಯುಲರ್‌ಜೆಎಸ್ ಎಂಬ ಚೌಕಟ್ಟಿನ ಎರಡನೆಯ ಆವೃತ್ತಿಯನ್ನು 2014ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದಾಗ, ಹಳೆಯ ಪರಿಕಲ್ಪನೆಗಳಲ್ಲಿ ಅನೇಕವನ್ನು ಕೈಬಿಡುವುದಾಗಿ ಹೇಳಿದರೇ ಹೊರತು ಹಳೆಯದರಿಂದ ಹೊಸದಕ್ಕೆ ಬರುವ ದಾರಿಯನ್ನು ಆಗಲೇ ಹೇಳಲಿಲ್ಲ. ಹೊಸ ಆವೃತ್ತಿ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ಆ ಎರಡು ವರ್ಷ, ಇದ್ದುದರ ಮೇಲೆ ಕಟ್ಟುವುದೋ ಬರಲಿರುವುದಕ್ಕೆ ಕಾಯುವುದೋ ಎಂಬ ಗೊಂದಲದಲ್ಲಿ ಬಳಕೆದಾರರು ಸಿಕ್ಕಿಕೊಂಡರು. ಎರಡನ್ನೂ ಒಂದೇ ತಾಣದಲ್ಲಿ ಜೊತೆಗೆ ಓಡಿಸುವ ಸಾಧನವನ್ನು ಆಮೇಲೆ ಕೊಟ್ಟರಾದರೂ ಕಳೆದುಹೋದ ವಿಶ್ವಾಸ ಅಷ್ಟೇ ಸುಲಭವಾಗಿ ಮರಳಲಿಲ್ಲ. ಪರ್ಲ್ ಭಾಷೆಯ ಆರನೆಯ ಆವೃತ್ತಿಯನ್ನು 2000ದಲ್ಲಿ ಘೋಷಿಸಿದ ಮೇಲೆ, ಹಳೆಯದರಿಂದ ಅದು ಎಷ್ಟು ದೂರ ಸರಿಯಿತೆಂದರೆ ಕೊನೆಗೆ 2019ರಲ್ಲಿ ರಾಕು ಎಂಬ ಬೇರೆ ಹೆಸರನ್ನೇ ಇಡಬೇಕಾಯಿತು. ಇದಕ್ಕೆ ವಿರುದ್ಧವಾಗಿ ರೂಬಿ ಭಾಷೆಯ ರೈಲ್ಸ್ ಚೌಕಟ್ಟು, ತನ್ನ ಪ್ರತಿಸ್ಪರ್ಧಿಯಾಗಿದ್ದ ಮೆರ್ಬ್ ಬಳಗದೊಂದಿಗೆ 2008ರ ಡಿಸೆಂಬರ್‌ನಲ್ಲಿ ಕೈಜೋಡಿಸಿ, ಎರಡರ ಒಳ್ಳೆಯ ಗುಣಗಳನ್ನೂ ಕೂಡಿಸಿ 2010ರ ಆಗಸ್ಟ್‌ನಲ್ಲಿ ಮೂರನೆಯ ಆವೃತ್ತಿಯನ್ನು ತಂದಿತು. ಎರಡು ಬಳಗಗಳ ಶ್ರಮ ಒಂದಾದ ಇಂಥ ಸಂದರ್ಭ ತಂತ್ರಾಂಶದ ಲೋಕದಲ್ಲಿ ಅಪರೂಪ.

ಮೂರು, ಒಂಬತ್ತು, ಇಪ್ಪತ್ತೇಳು

ಪೈಥಾನ್ 3 ಅಷ್ಟೊಂದು ತೊಂದರೆಯನ್ನು ಮೈಮೇಲೆ ಎಳೆದುಕೊಂಡದ್ದು ಏಕೆ ಎಂಬುದಕ್ಕೆ ಉತ್ತರ ಕನ್ನಡದಂಥ ಲಿಪಿಗಳಲ್ಲಿದೆ. ‘ಹುಬ್ಬಳ್ಳಿ’ ಎಂಬ ಹೆಸರನ್ನು ಓದುವವರ ಕಣ್ಣಿಗೆ ಅದರಲ್ಲಿ ಮೂರು ಅಕ್ಷರಗಳು: ಹು, ಬ್ಬ, ಳ್ಳಿ. ಪ್ರಪಂಚದ ಲಿಪಿಗಳ ಪ್ರತಿ ಗುರುತಿಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ಶಿಷ್ಟತೆಯ ಲೆಕ್ಕದಲ್ಲಿ ಅದೇ ಹೆಸರು ಒಂಬತ್ತು ಘಟಕಗಳು: ಹ, ಉಕಾರದ ಗುರುತು, ಬ, ಅರ್ಧಾಕ್ಷರದ ಗುರುತಾದ ವಿರಾಮ, ಮತ್ತೆ ಬ, ಳ, ವಿರಾಮ, ಮತ್ತೆ ಳ, ಇಕಾರದ ಗುರುತು. ಕಡತದಲ್ಲಿ ಬರೆದಿಡುವಾಗ ಕನ್ನಡದ ಪ್ರತಿ ಘಟಕಕ್ಕೂ ಮೂರು ಬೈಟ್ ಬೇಕಾಗುವುದರಿಂದ ಯಂತ್ರ ಎಣಿಸುವುದು ಇಪ್ಪತ್ತೇಳು. ಪೈಥಾನ್ 2ರಲ್ಲಿ ಸಾಮಾನ್ಯ ಪಠ್ಯವನ್ನು ಬೈಟ್‌ಗಳ ಸಾಲೆಂದೇ ಭಾವಿಸುತ್ತಿದ್ದುದರಿಂದ ಈ ಹೆಸರಿನ ಉದ್ದ ಇಪ್ಪತ್ತೇಳು ಎಂದು ಉತ್ತರ ಬರುತ್ತಿತ್ತು. ಮೊದಲ ಹತ್ತನ್ನು ಕತ್ತರಿಸಿ ಕೊಡು ಎಂದರೆ ‘ಹುಬ’ ಎಂಬಲ್ಲಿಗೆ ಒಂಬತ್ತು ಬೈಟ್ ಮುಗಿದು, ಹತ್ತನೆಯದು ವಿರಾಮದ ಮೂರನೇ ಒಂದು ಪಾಲಾಗಿ ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯೋ ಡಬ್ಬಿಯೋ ಆಗಿ ಮೂಡುತ್ತಿತ್ತು. ಇಂಗ್ಲಿಷ್‌ನಲ್ಲಿ ಈ ಮೂರು ಲೆಕ್ಕಗಳೂ ಒಂದೇ ಆಗಿರುವುದರಿಂದ ಇಂಗ್ಲಿಷ್ ಪಠ್ಯದೊಂದಿಗೇ ಕೆಲಸ ಮಾಡುವವರಿಗೆ ದೋಷ ಕಾಣಿಸುವುದೇ ಇಲ್ಲ. ಪೈಥಾನ್ 3 ಪಠ್ಯ ಬೇರೆ, ಬೈಟ್ ಬೇರೆ ಎಂದು ಗೆರೆ ಎಳೆದು, ಪಠ್ಯವೆಂದರೆ ಯೂನಿಕೋಡ್ ಎಂದೇ ನಿಶ್ಚಯಿಸಿತು. ಇಪ್ಪತ್ತೇಳರಿಂದ ಒಂಬತ್ತಕ್ಕೆ ಬಂದದ್ದು ಕನ್ನಡಕ್ಕೆ ದೊಡ್ಡ ಗಳಿಕೆ, ಮತ್ತು ಅದು ಹಳೆಯದನ್ನು ಮುರಿಯದೆ ಸಿಗುತ್ತಿರಲಿಲ್ಲ.

ಹೊಂದಿಕೆಯಾಗದ ಬದಲಾವಣೆಯ ಅನುಭವ ಕನ್ನಡದ ಮುದ್ರಣ ಲೋಕಕ್ಕೂ ಹೊಸದಲ್ಲ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಪಠ್ಯ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಬರೆದದ್ದಾದ್ದರಿಂದ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್ ಬಂದ ಮೇಲೆ ಅಂಥ ಕಡತಗಳನ್ನು ಪರಿವರ್ತಕದ ಮೂಲಕ ಹಾಯಿಸಿ, ಒತ್ತಕ್ಷರ, ಅರ್ಕಾವತ್ತುಗಳು ಸರಿಯಾಗಿ ಬಂದಿವೆಯೇ ಎಂದು ಕಣ್ಣಿಟ್ಟು ನೋಡುವ ಕೆಲಸ ಡಿಟಿಪಿ ಮಾಡುವವರಿಗೆ ಚಿರಪರಿಚಿತ. ಹಳೆಯ ಕಡತಗಳನ್ನು ಹೊಸ ಕಾಲಕ್ಕೆ ದಾಟಿಸುವ ಸೇತುವೆ ಇಲ್ಲದೆ ಯಾವ ಹೊಸ ಶಿಷ್ಟತೆಯೂ ನೆಲೆಗೊಳ್ಳುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಿವೃತ್ತಿಯ ಸೂಚನೆ

ಈ ಪಾಠಗಳಿಂದ ಜ್ಯಾಂಗೊ ರೂಪಿಸಿಕೊಂಡ ಪದ್ಧತಿ ಬೇರೆ ಯೋಜನೆಗಳಿಗೂ ಮಾದರಿಯಾಗಬಲ್ಲದು. ಅಲ್ಲಿ ದೊಡ್ಡ ಆವೃತ್ತಿಯ ದಿನವನ್ನು ಸೌಲಭ್ಯಗಳು ನಿರ್ಧರಿಸುವುದಿಲ್ಲ, ಪಂಚಾಂಗ ನಿರ್ಧರಿಸುತ್ತದೆ: ಸುಮಾರು ಎಂಟು ತಿಂಗಳಿಗೊಂದು ಬಿಡುಗಡೆ, ಮೊದಲ ಅಂಕಿಯ ಅಡಿಯಲ್ಲಿ 0, 1, 2 ಎಂದು ಮೂರು ಬಿಡುಗಡೆ, ಮೂರನೆಯದಕ್ಕೆ ಮೂರು ವರ್ಷಗಳ ದೀರ್ಘಾವಧಿ ಬೆಂಬಲ. 2.2, 3.2, 4.2 ಮತ್ತು 5.2 ಕ್ರಮವಾಗಿ 2019, 2021, 2023 ಮತ್ತು 2025ರ ಏಪ್ರಿಲ್ ತಿಂಗಳಲ್ಲಿ ಬಂದದ್ದು ಈ ಕ್ರಮದಿಂದಲೇ. ಸಿದ್ಧವಾಗದ ಸೌಲಭ್ಯ ಮುಂದಿನ ಬಿಡುಗಡೆಗೆ ಕಾಯಬೇಕೇ ಹೊರತು ಅದಕ್ಕಾಗಿ ಬಿಡುಗಡೆ ಕಾಯುವುದಿಲ್ಲ.

ತೆಗೆದುಹಾಕಬೇಕಾದ್ದನ್ನು ಒಮ್ಮೆಲೇ ತೆಗೆಯುವುದೂ ಇಲ್ಲ. ಮೊದಲು ಅದಕ್ಕೆ ಡೆಪ್ರಿಕೇಷನ್, ಅಂದರೆ ನಿವೃತ್ತಿಯ ಸೂಚನೆ, ಅಂಟಿಸಲಾಗುತ್ತದೆ. ಆಗ ಅದು ಎಂದಿನಂತೆ ಕೆಲಸ ಮಾಡುತ್ತಿದ್ದರೂ ಇಂಥ ಆವೃತ್ತಿಯಲ್ಲಿ ತಾನು ಇರುವುದಿಲ್ಲ ಎಂಬ ಎಚ್ಚರಿಕೆಯನ್ನು ಪರೀಕ್ಷೆಯ ವೇಳೆ ತೋರಿಸುತ್ತದೆ. 4.0 ಅಥವಾ 4.1ರಲ್ಲಿ ಸೂಚನೆ ಪಡೆದದ್ದು 5.0ರಲ್ಲಿ ಹೋಗುತ್ತದೆ, 4.2ರಲ್ಲಿ ಪಡೆದದ್ದು 5.0ರಲ್ಲೂ ಉಳಿದು 5.1ರಲ್ಲಿ ಹೋಗುತ್ತದೆ; ಅಂದರೆ ಕನಿಷ್ಠ ಎರಡು ಬಿಡುಗಡೆಗಳ ಕಾಲಾವಕಾಶ ಯಾವುದಕ್ಕಾದರೂ ಉಂಟು. ಇದರಿಂದ ಒಂದು ಒಳ್ಳೆಯ ಫಲವಿದೆ: ಎಚ್ಚರಿಕೆಗಳನ್ನು ಆಗಾಗ ತಿದ್ದಿಕೊಳ್ಳುತ್ತ ಬಂದವರಿಗೆ ದೊಡ್ಡ ಆವೃತ್ತಿ ದೊಡ್ಡ ಆಘಾತವಾಗಿ ಬರುವುದಿಲ್ಲ, ಏಕೆಂದರೆ ಅಲ್ಲಿ ಮುರಿಯುವುದೆಲ್ಲ ಹೆಚ್ಚಾಗಿ ಮೊದಲೇ ಹೇಳಿ ಮುರಿದದ್ದು.

ಈ ತಾಳ್ಮೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ಸಣ್ಣ ಅಂಕಿಯ ಕಥೆ ಸಾಕು. ದತ್ತಸಂಚಯದಲ್ಲಿ ಸೇರುವ ಪ್ರತಿ ದಾಖಲೆಗೂ ಜ್ಯಾಂಗೊ ಒಂದು ಕ್ರಮಸಂಖ್ಯೆ ಕೊಡುತ್ತದೆ. ಮೊದಲಿನಿಂದ ರೂಢಿಯಲ್ಲಿದ್ದ 32 ಬಿಟ್‌ಗಳ ಸಂಖ್ಯೆಯ ಮಿತಿ 214 ಕೋಟಿ 74 ಲಕ್ಷ 83 ಸಾವಿರದ 647. ಬಹಳ ದೊಡ್ಡ ತಾಣಗಳಲ್ಲಿ ಈ ಮಿತಿ ಮುಟ್ಟಿದ ದಿನ ಹೊಸ ದಾಖಲೆ ಸೇರುವುದೇ ನಿಂತುಹೋಗುತ್ತದೆ. ಪರಿಹಾರ 64 ಬಿಟ್‌ಗಳ ಸಂಖ್ಯೆ ಎಂಬುದು ಎಲ್ಲರಿಗೂ ತಿಳಿದದ್ದೇ, ಆದರೆ ಆ ಪೂರ್ವನಿಯೋಜಿತ ಬೆಲೆಯನ್ನು ರಾತ್ರೋರಾತ್ರಿ ಬದಲಿಸಿದರೆ ಇರುವ ಎಲ್ಲ ತಾಣಗಳ ಕೋಷ್ಟಕಗಳೂ ಅಲುಗಾಡುತ್ತವೆ. ಆದ್ದರಿಂದ 2021ರ 3.2ರಲ್ಲಿ ಹೊಸ ತಾಣಗಳಿಗೆ ಮಾತ್ರ 64 ಬಿಟ್ ಕೊಟ್ಟು, ಹಳೆಯ ತಾಣಗಳವರು ತಮಗೆ ಯಾವುದು ಬೇಕೆಂದು ಒಂದು ಸಾಲಿನಲ್ಲಿ ಬರೆದುಕೊಳ್ಳುವಂತೆ ಎಚ್ಚರಿಕೆ ತೋರಿಸಿ, ಕೊನೆಗೆ 2025ರ ಡಿಸೆಂಬರ್‌ನ 6.0ರಲ್ಲಿ ಎಲ್ಲರಿಗೂ 64 ಬಿಟ್ ಎಂದು ಘೋಷಿಸಲಾಯಿತು. ಒಂದು ಅಂಕಿಯ ಅಗಲ ಹೆಚ್ಚಿಸಲು ನಾಲ್ಕೂವರೆ ವರ್ಷ ಹಿಡಿದದ್ದನ್ನು ವಿಳಂಬ ಎನ್ನುವುದು ಸರಿಯಲ್ಲ. ಅಪರಿಚಿತರ ಮನೆಯ ಅಡಿಪಾಯ ಮುಟ್ಟುವಾಗ ಇರಬೇಕಾದ ಎಚ್ಚರ ಅದು.

ಬೆಂಗಳೂರಿನಿಂದ ನಡೆದ ಒಂದು ಸಣ್ಣ ಚೌಕಟ್ಟು

ಪದ್ಧತಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ನಡೆಸಲು ಕೈಗಳು ಬೇಕು ಎಂಬುದಕ್ಕೆ ಕರ್ನಾಟಕದ ನಂಟಿರುವ ಒಂದು ಚೌಕಟ್ಟು ಸಾಕ್ಷಿ. ಏರನ್ ಸ್ವಾರ್ಟ್ಸ್ ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬರೆದು 2006ರಲ್ಲಿ ಹಂಚಿದ ವೆಬ್.ಪೈ, ಕೆಲವೇ ಸಾಲುಗಳಲ್ಲಿ ತಾಣ ಕಟ್ಟಲು ಸಾಧ್ಯವಾಗಬೇಕು ಎಂಬ ಆಸೆಯಿಂದ ಹುಟ್ಟಿದ್ದು. ರೆಡಿಟ್ ತಾಣ ತನ್ನ ಆರಂಭದ ದಿನಗಳಲ್ಲಿ ಅದರ ಮೇಲೆ ನಡೆಯಿತು. ಅದರ ನಿರ್ವಹಣೆಯ ಹೊಣೆಯನ್ನು ಮುಂದೆ ಹೊತ್ತವರು ಬೆಂಗಳೂರಿನಲ್ಲಿದ್ದು ಕೆಲಸ ಮಾಡಿದ ಆನಂದ್ ಚಿಟಿಪೋತು. ಪ್ರಕಟವಾದ ಪ್ರತಿ ಪುಸ್ತಕಕ್ಕೂ ಒಂದು ಪುಟವಿರಬೇಕು ಎಂಬ ಗುರಿಯ ಓಪನ್ ಲೈಬ್ರರಿ, ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ಆ ಮಹತ್ವದ ಯೋಜನೆ, ಇದೇ ವೆಬ್.ಪೈ ಮೇಲೆ ನಿಂತಿತು.

ವೆಬ್.ಪೈ ಎಂದೂ 1.0 ಎಂದು ಕರೆದುಕೊಳ್ಳಲಿಲ್ಲ. ಅದರ ಆವೃತ್ತಿಗಳೆಲ್ಲ ಸೊನ್ನೆಯಿಂದಲೇ ಆರಂಭವಾಗುತ್ತವೆ. ಸ್ವಾರ್ಟ್ಸ್ 2013ರ ಜನವರಿಯಲ್ಲಿ ತೀರಿಕೊಂಡರು. ಆ ವರ್ಷಗಳಲ್ಲಿ ಬಿಡುಗಡೆಗಳ ನಡುವಿನ ಅಂತರ ಹಿಗ್ಗಿತು, ಮತ್ತು ಪೈಥಾನ್ 3ಕ್ಕೆ ಹೊಂದುವ 0.40 ಆವೃತ್ತಿ ಹೊರಬಂದದ್ದು 2019ರಲ್ಲಿ, ಪೈಥಾನ್ 2ರ ಕೊನೆಯ ದಿನ ಹತ್ತಿರವಾಗಿದ್ದಾಗ. ಇದನ್ನು ಕೊರತೆಯೆಂದು ಎಣಿಸುವುದು ಅನ್ಯಾಯ. ಬಿಡುವಿನ ವೇಳೆಯಲ್ಲಿ ಬೆರಳೆಣಿಕೆಯ ಜನ ಹೊತ್ತು ನಡೆಸುವ ಯೋಜನೆಯಲ್ಲಿ, ಇರುವುದನ್ನು ಕೆಡದಂತೆ ಕಾಯುವುದೇ ದೊಡ್ಡ ಕೆಲಸ, ಮತ್ತು ಅದು ಹೊರಗಿನವರಿಗೆ ಕಾಣದ ಕೆಲಸ. ಜ್ಯಾಂಗೊದ ಹಿಂದೆ 2008ರಲ್ಲಿ ಸ್ಥಾಪನೆಯಾದ ಒಂದು ಪ್ರತಿಷ್ಠಾನವಿದ್ದು, ದೇಣಿಗೆಯ ಹಣದಿಂದ 2014ರಿಂದ ‘ಫೆಲೊ’ ಎಂಬ ಹೆಸರಿನ ಸಂಬಳದ ಕೆಲಸಗಾರರನ್ನು ಇಟ್ಟುಕೊಂಡು, ಬಂದ ದೂರುಗಳನ್ನು ವಿಂಗಡಿಸುವ, ತಿದ್ದುಪಡಿಗಳನ್ನು ಪರಿಶೀಲಿಸುವ, ಬಿಡುಗಡೆಗಳನ್ನು ಹೊರತರುವ ಹೊಣೆಯನ್ನು ಅವರಿಗೆ ಒಪ್ಪಿಸಿದೆ. ಪಂಚಾಂಗದ ಪ್ರಕಾರ ಬಿಡುಗಡೆ ಸಾಧ್ಯವಾದದ್ದಕ್ಕೆ ಈ ಏರ್ಪಾಡೂ ಒಂದು ಕಾರಣ. ಮುಂದಿನ ಆವೃತ್ತಿಯ ಯೋಜನೆಯಲ್ಲಿ ಸೌಲಭ್ಯಗಳ ಪಟ್ಟಿಯ ಪಕ್ಕದಲ್ಲೇ ಅವುಗಳನ್ನು ಮುಂದೆ ಯಾರು ಕಾಯುತ್ತಾರೆ ಎಂಬ ಪಟ್ಟಿಯೂ ಇರಬೇಕಾದದ್ದು ಇದರಿಂದಲೇ.

‘ಹುಬ್ಬಳ್ಳಿ’ ‘ಹಬಬಳಳ’ ಆದಾಗ

ಪೈಥಾನ್ 3 ತಂದ ಗಳಿಕೆ ಪೂರ್ತಿಯಾದದ್ದಲ್ಲ ಎಂಬುದನ್ನು ಅದೇ ಊರಿನ ಹೆಸರು ತೋರಿಸುತ್ತದೆ. ಜಾಲತಾಣದ ವಿಳಾಸದ ಕೊನೆಯಲ್ಲಿ ಲೇಖನದ ಶೀರ್ಷಿಕೆಯನ್ನು ಖಾಲಿ ಜಾಗವಿಲ್ಲದೆ, ಅಡ್ಡಗೆರೆಗಳಿಂದ ಜೋಡಿಸಿ ಬರೆಯುವ ರೂಢಿಯಿದೆ. ಅದಕ್ಕೆ ಸ್ಲಗ್ ಎನ್ನುತ್ತಾರೆ. ಜ್ಯಾಂಗೊದಲ್ಲಿ ಇದನ್ನು ಮಾಡುವ ಸಾಧನಕ್ಕೆ ‘ಹುಬ್ಬಳ್ಳಿ’ ಎಂದು ಕೊಟ್ಟರೆ, ಅದು ಪೂರ್ವನಿಯೋಜಿತವಾಗಿ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಉಳಿಸುವುದರಿಂದ, ಸಿಗುವುದು ಖಾಲಿ ಸಾಲು. 2015ರ ಡಿಸೆಂಬರ್‌ನ 1.9ರಲ್ಲಿ ಯೂನಿಕೋಡ್‌ಗೂ ಅವಕಾಶ ಕೊಡುವ ಆಯ್ಕೆ ಬಂದಿತಾದರೂ, ಅದನ್ನು ಹಚ್ಚಿದಾಗ ಬರುವ ಉತ್ತರ ‘ಹಬಬಳಳ’. ‘ಧಾರವಾಡ’ ಎಂಬುದು ‘ಧರವಡ’ ಆಗುತ್ತದೆ. ಕಾಲು, ಕೂಲಿ, ಕಲೆ, ಕೋಲು ಎಂಬ ನಾಲ್ಕು ಬೇರೆ ಬೇರೆ ಪದಗಳೂ ‘ಕಲ’ ಎಂಬ ಒಂದೇ ವಿಳಾಸಕ್ಕೆ ಬಂದು ನಿಲ್ಲುತ್ತವೆ.

ಕಾರಣ ಸರಳವಾದದ್ದು. ಯಾವುದು ಪದದ ಭಾಗ, ಯಾವುದು ಅಲ್ಲ ಎಂದು ತೀರ್ಮಾನಿಸಲು ಜ್ಯಾಂಗೊ ಪೈಥಾನ್‌ನ ಒಂದು ಸಿದ್ಧ ನಿಯಮವನ್ನು ಬಳಸುತ್ತದೆ. ಆ ನಿಯಮ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಪದದ ಭಾಗವೆಂದು ಒಪ್ಪುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ಸ್ವರ ಚಿಹ್ನೆಗಳೂ ವಿರಾಮವೂ ಅಕ್ಷರಗಳ ವರ್ಗದಲ್ಲಿಲ್ಲ, ಅಕ್ಷರಕ್ಕೆ ಅಂಟುವ ಗುರುತುಗಳ ವರ್ಗದಲ್ಲಿವೆ. ಆದ್ದರಿಂದ ವಿರಾಮಚಿಹ್ನೆ, ಆಶ್ಚರ್ಯಸೂಚಕಗಳ ಜೊತೆ ಕಾಗುಣಿತವೂ ಕಸವೆಂದು ಗುಡಿಸಿಹೋಗುತ್ತದೆ. ಹಿಂದಿ, ತೆಲುಗು, ಮರಾಠಿ, ತಮಿಳುಗಳ ಪಾಡೂ ಇದೇ. ದುರುದ್ದೇಶದಿಂದ ಹೀಗೆ ಯಾರೂ ಮಾಡಿಲ್ಲ; ಕಾಗುಣಿತವಿರುವ ಲಿಪಿಗಳನ್ನು ದಿನನಿತ್ಯ ಬರೆಯುವವರ ಕಣ್ಣು ಆ ಸಾಲಿನ ಮೇಲೆ ಸಕಾಲದಲ್ಲಿ ಬೀಳಲಿಲ್ಲ, ಅಷ್ಟೇ.

ಹಾಗಾದರೆ ನಾಳೆಯೇ ತಿದ್ದಿಬಿಡಬಹುದಲ್ಲ ಎಂದರೆ, ಈ ಬರಹದ ಆರಂಭದ ಪ್ರಶ್ನೆಯೇ ಎದುರು ನಿಲ್ಲುತ್ತದೆ. ಶೀರ್ಷಿಕೆಯಿಂದ ಆ ಕ್ಷಣದಲ್ಲೇ ವಿಳಾಸ ಕಟ್ಟಿಕೊಳ್ಳುವ ತಾಣಗಳಲ್ಲಿ, ತಿದ್ದುಪಡಿಯ ಮರುದಿನ ‘ಧರವಡ’ ಎಂಬ ವಿಳಾಸ ‘ಧಾರವಾಡ’ ಆಗಿ, ಹಿಂದೆ ಹಂಚಿಕೊಂಡ ಕೊಂಡಿಗಳೆಲ್ಲ ತೆರೆಯದೆ ಹೋಗುತ್ತವೆ. ತಪ್ಪು ವಿಳಾಸವೇ ಆದರೂ ಜನ ಅದನ್ನು ನಂಬಿ ಗುರುತಿಟ್ಟುಕೊಂಡಿರುತ್ತಾರೆ. ಇಲ್ಲಿ ಸರಿಯಾದ ದಾರಿ, ಕ್ರಮಸಂಖ್ಯೆಯ ವಿಷಯದಲ್ಲಿ ಹಿಡಿದದ್ದೇ: ಮೊದಲು ಹೊಸ ನಡವಳಿಕೆಯನ್ನು ಬೇಕಾದವರಿಗೆ ಆಯ್ಕೆಯಾಗಿ ಕೊಡಬೇಕು, ಆಮೇಲೆ ಹಳೆಯದನ್ನು ಬಳಸುವವರಿಗೆ ಎಚ್ಚರಿಕೆ ತೋರಿಸಬೇಕು, ಹಳೆಯ ವಿಳಾಸದಿಂದ ಹೊಸದಕ್ಕೆ ಕರೆದೊಯ್ಯುವ ಉಪಾಯವನ್ನು ದಾಖಲೆಯಲ್ಲಿ ಬರೆದಿಡಬೇಕು, ಅದಾದ ನಂತರ ಒಂದು ದೊಡ್ಡ ಆವೃತ್ತಿಯಲ್ಲಿ ಸರಿಯಾದದ್ದನ್ನೇ ಎಲ್ಲರ ರೂಢಿಯಾಗಿಸಬೇಕು. ಈ ದಾರಿ ಉದ್ದವಾದದ್ದಾದ್ದರಿಂದಲೇ ಅದನ್ನು ಹಿಡಿಯಬೇಕೆಂದು ಕೇಳುವ ದನಿ ಯೋಜನೆಯ ಹಂತದಲ್ಲೇ ಅಲ್ಲಿ ಇರಬೇಕು.

ಆ ದನಿ ಹುಬ್ಬಳ್ಳಿ-ಧಾರವಾಡದಿಂದ ಏಳಬಾರದೆಂಬ ಕಾರಣ ಯಾವುದೂ ಇಲ್ಲ. 1947ರಲ್ಲಿ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ಸಂಸ್ಥೆ ವಿದ್ಯಾನಗರದಲ್ಲಿದೆ. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಧಾರವಾಡಕ್ಕೆ ಬಂದಿವೆ. ಮತ್ತು ಕನ್ನಡಕ್ಕಾಗಿ ದುಡಿಯುವುದು ಎಂದರೇನೆಂಬುದನ್ನು ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ ಕಲಿಸುತ್ತ ಬಂದಿರುವ ನೆಲ ಇದು. ಜ್ಯಾಂಗೊದೊಳಗೆ ಕನ್ನಡದ ಅನುವಾದ ಈಗಾಗಲೇ ಇದೆ, ಅಂದರೆ ಯಾರೋ ಕುಳಿತು ಅದರ ಸಂದೇಶಗಳನ್ನು ಕನ್ನಡಿಸಿದ್ದಾರೆ. ಆ ಸೇವೆಯ ಮುಂದಿನ ಮೆಟ್ಟಿಲು ಪರೀಕ್ಷೆ. ಪ್ರತಿ ಬಿಡುಗಡೆಗೂ ಮುನ್ನ ಅದಕ್ಕೆಂದೇ ಕಾಲ ಮೀಸಲಿರುತ್ತದೆ: 5.2ರ ಮಟ್ಟಿಗೆ ಹೇಳುವುದಾದರೆ 2025ರ ಜನವರಿಯಲ್ಲಿ ಆಲ್ಫಾ, ಅಂದರೆ ಇನ್ನು ಹೊಸ ಸೌಲಭ್ಯ ಸೇರುವುದಿಲ್ಲ ಎಂಬ ಹಂತ, ಫೆಬ್ರವರಿಯಲ್ಲಿ ಬೀಟಾ, ಮಾರ್ಚ್‌ನಲ್ಲಿ ಬಿಡುಗಡೆಯ ಅಭ್ಯರ್ಥಿ ಪ್ರತಿ, ಏಪ್ರಿಲ್ 2ರಂದು ಅಂತಿಮ ಆವೃತ್ತಿ. ಆ ಹತ್ತು ಹನ್ನೊಂದು ವಾರಗಳು ಬಳಕೆದಾರರು ತಮ್ಮ ದತ್ತಾಂಶವನ್ನು ಹೊಸ ಆವೃತ್ತಿಗೆ ಉಣಿಸಿ ನೋಡಲಿ ಎಂದೇ ಇರುವಂಥವು.

ಆರನೆಯ ಸೆಮಿಸ್ಟರ್‌ನ ಪ್ರಯೋಗಶಾಲೆಯಲ್ಲಿ ಪುಸ್ತಕದ ಹಳೆಯ ಉದಾಹರಣೆ ಏಕೆ ಓಡಲಿಲ್ಲ ಎಂದು ಅಧ್ಯಾಪಕರು ವಿವರಿಸುವಾಗ, ಮುಂದಿನ ಆವೃತ್ತಿಯ ಆಲ್ಫಾ ಪ್ರತಿಯನ್ನೂ ಅದೇ ಯಂತ್ರದಲ್ಲಿ ಇಳಿಸಿ, ಊರ ಹೆಸರು, ಓಣಿಯ ಹೆಸರು, ಮನೆತನದ ಅಡ್ಡಹೆಸರುಗಳನ್ನು ಕನ್ನಡದಲ್ಲೇ ತುಂಬಿ ನೋಡಿ ಎಂದು ಹೇಳುವುದಕ್ಕೆ ಬೇಕಾಗುವುದು ಒಂದು ಮಧ್ಯಾಹ್ನ. ಎಲ್ಲಿ ಹೆಸರು ಮುರಿಯಿತು, ಏನು ಕೊಟ್ಟಾಗ ಏನು ಬಂತು, ಏನು ಬರಬೇಕಿತ್ತು ಎಂಬ ಮೂರು ಸಾಲುಗಳ ವರದಿ ಆ ಮಧ್ಯಾಹ್ನ ಹುಬ್ಬಳ್ಳಿಯಿಂದ ಹೊರಟರೆ, ಮುಂದಿನ ದೊಡ್ಡ ಆವೃತ್ತಿಯನ್ನು ಯೋಜಿಸುವವರ ಮುಂದೆ ಕನ್ನಡದ ಕಾಗುಣಿತವೂ ಒಂದು ಕೆಲಸವಾಗಿ ಪಟ್ಟಿಯಲ್ಲಿರುತ್ತದೆ.